ಮಣೆ ಕಳವು ಪ್ರಕರಣ

ಬುಧವಾರ ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ ತಾಯಿ ಮಗಳಿಬ್ಬರು ಊರಿಗಾಂ ಪೊಲೀಸ್ ಠಾಣೆಗೆ ಬಂದರು. ತಾಯಿ ಮುನಿಗಂಗಮ್ಮ, ಗಾರ್ಮೆಂಟ್ಸ್‌ನಲ್ಲಿ ಕೆಲಸ. ಮಗಳು ಸುಮಿತಾ, ಇಪ್ಪತ್ನಾಲ್ಕು ವರ್ಷ, ರಾಬರ್ಟ್‌ಸನ್‌ಪೇಟೆಯ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಾಳೆ. ಅವಳ ಎಡಗೈ ಮೊಣಕೈಗೇ ಮುಗಿಯುತ್ತದೆ. ಹುಟ್ಟಿನಿಂದ ಹಾಗೆಯೇ.

ಹೆಡ್ ಕಾನ್‌ಸ್ಟೆಬಲ್ ಮುನಿಸ್ವಾಮಪ್ಪ ಕುರ್ಚಿ ತೋರಿಸಿದರು.

"ಏನು ಕಳುವಾಗೈತಮ್ಮ?"

"ಮಣೆ ಸಾರ್."

"ಮಣೆನಾ? ಕೂತ್ಕೊಳ್ಳೋ ಮಣೆ?"

"ಊಟಕ್ಕೆ ಆಕ್ಕೊಳ್ಳೋ ಮಣೆ ಅಲ್ಲ ಸೋಮಿ," ಎಂದು ಮುನಿಗಂಗಮ್ಮ ನಡುವೆ ಬಾಯಿ ಹಾಕಿದರು. "ಇವಳು ಟೀವೀಲಿ ಕಾರಾಟ ಆಡ್ತಾಳಲ್ಲ, ಅದು. ವೈರೆಲ್ಲ ಅಂಟ್ಸಿರೋದು."

ಸುಮಿತಾ ಮೊಬೈಲ್‌ನಲ್ಲಿ ಒಂದು ಫೋಟೊ ತೆಗೆದು ತೋರಿಸಿದಳು. ಹಳೆಯ ಹಲಸಿನ ಮರದ ಮಣೆ. ಅದರ ಬಲಭಾಗದಲ್ಲಿ ಬೆರಳಿಗೆ ಸಿಗುವ ಹಾಗೆ ಗುಂಡಿಗಳು ಮತ್ತು ಒಂದು ಸಣ್ಣ ಕೋಲು, ಎಡಭಾಗದಲ್ಲಿ ಮೊಣಕೈ ಊರಲು ಮೆತ್ತನೆಯ ದಿಂಬು. ಮಣೆಯಿಂದ ಹೊರಟ ಎರಡು ವೈರುಗಳ ತುದಿಯಲ್ಲಿ ಕಾಲಲ್ಲಿ ಒತ್ತುವ ಎರಡು ಪೆಡಲ್‌ಗಳು. ಎರಡು ಕೈಯಿದ್ದವರು ಕಂಪನಿಯ ಕಂಟ್ರೋಲರ್ ಹಿಡಿದು ಗೇಮ್ ಆಡುತ್ತಾರೆ. ಸುಮಿತಾ ತನಗೆ ಬೇಕಾದ ಕಂಟ್ರೋಲರನ್ನು ತಾನೇ ಕಟ್ಟಿಕೊಂಡಿದ್ದಳು.

"ಬೆಲೆ ಎಷ್ಟಾಯ್ತದೆ?" ಎಂದರು ಮುನಿಸ್ವಾಮಪ್ಪ. ದೂರಿನಲ್ಲಿ ಆ ಜಾಗ ಖಾಲಿ ಬಿಡುವ ಹಾಗಿರಲಿಲ್ಲ.

"ಅಂಗಡೀಲಿ ಸಿಗೋದಲ್ಲ ಸಾರ್. ಎರಡು ವರ್ಷ ಕೂತು ಕಟ್ಟಿದೀನಿ."

ಇನ್‌ಸ್ಪೆಕ್ಟರ್ ಕಲ್ಪನ ಒಳಗಿನಿಂದ ಇದನ್ನೆಲ್ಲ ಕೇಳಿಸಿಕೊಂಡು ಹೊರಗೆ ಬಂದರು. ಫೋಟೊ ನೋಡಿದರು.

"ಇನ್ನೊಂದು ಮಾಡ್ಕೊಳ್ಳೋಕೆ ಆಗಲ್ವಾ?"

"ಮಾಡ್ಕೋಬಹುದು ಮೇಡಂ. ಭಾನುವಾರಕ್ಕೆ ಆಗಲ್ಲ."

ಭಾನುವಾರ ಬೆಂಗಳೂರಿನಲ್ಲಿ 'ಥಂಡರ್ ಲೇನ್' ಎಂಬ ಕಾರ್ ರೇಸ್ ಆಟದ ರಾಜ್ಯ ಫೈನಲ್. ಆ ಆಟದ ಮೂರನೇ ಭಾಗ ಹೋದ ತಿಂಗಳಷ್ಟೇ ಬಿಡುಗಡೆಯಾಗಿತ್ತು, ಫೈನಲ್ ಅದರಲ್ಲೇ ನಡೆಯಬೇಕಿತ್ತು. ಬಂಗಾರಪೇಟೆಯಲ್ಲಿ ನಡೆದ ಅರ್ಹತಾ ಪಂದ್ಯದಲ್ಲಿ ಸುಮಿತಾ ಮೊದಲು ಬಂದಿದ್ದಳು. ಆಯೋಜಕರು ಅವಳ ಮಣೆಯನ್ನು ಆಡಿಸಿ ನೋಡಿ, ಅಡಿಯಲ್ಲಿ ತಮ್ಮ ಸ್ಟಿಕ್ಕರ್ ಅಂಟಿಸಿ ಒಪ್ಪಿಗೆ ಕೊಟ್ಟಿದ್ದರು. ಆ ಸ್ಟಿಕ್ಕರ್ ಇರುವ ಮಣೆ ಬಿಟ್ಟು ಬೇರೊಂದು ನಡೆಯುವುದಿಲ್ಲ. ಗೆದ್ದವರು ಕೊರಿಯಾದಲ್ಲಿ ನಡೆಯುವ ಪಂದ್ಯಕ್ಕೆ ಭಾರತ ತಂಡದಲ್ಲಿ ಒಬ್ಬರಾಗಿ ಹೋಗುತ್ತಾರೆ.

"ಬೆಲೆ ಜಾಗದಲ್ಲಿ 'ದೂರುದಾರರೇ ತಯಾರಿಸಿದ್ದು' ಅಂತ ಬರೀರಿ," ಎಂದು ಕಲ್ಪನ ಮುನಿಸ್ವಾಮಪ್ಪನವರಿಗೆ ಹೇಳಿದರು. "ಎಫ್‌ಐಆರ್ ಹಾಕಿ. ನಡೀರಿ, ಮನೆ ನೋಡೋಣ."

ಭಾರತೀಯ ನ್ಯಾಯ ಸಂಹಿತೆಯ ಕಲಂ 331(3) ಮತ್ತು 305ರಡಿ, ಮನೆಗೆ ನುಗ್ಗಿ ಕಳವು ಮಾಡಿದ ಪ್ರಕರಣ ದಾಖಲಾಯಿತು.

ಗಣಿ ಕಂಪನಿ ಕಾಲದ ಲೈನ್ ಮನೆಗಳಲ್ಲಿ ಸುಮಿತಾಳ ಮನೆ ಕೊನೆಯದು. ಮುಂದೊಂದು ಕೋಣೆ, ಹಿಂದೊಂದು ಅಡುಗೆ ಮನೆ, ಅದರಾಚೆ ಬಚ್ಚಲು. ಪಂಚರಾಗಿ ಪಕ್ಕದ ಮನೆಯ ಕುಪ್ಪುಸ್ವಾಮಿ ಮತ್ತು ಎದುರು ಮನೆಯ ಸುಮಲತ ನಿಂತರು. ಕಾನ್‌ಸ್ಟೆಬಲ್ ಗಿರಿ ವಿಡಿಯೊ ಮಾಡುತ್ತ ಹೋದ, ಕಾನ್‌ಸ್ಟೆಬಲ್ ಅಂಬಿಕ ಪಂಚನಾಮೆ ಬರೆಯುತ್ತ ಬಂದಳು.

ಮುಂಬಾಗಿಲಿನ ಬೀಗ ಸರಿಯಾಗಿತ್ತು. ಹಿಂಬಾಗಿಲಿನ ಒಳಚಿಲಕವನ್ನು ಸಂದಿಯಿಂದ ತೆಳ್ಳನೆಯ ತಗಡು ತೂರಿಸಿ ಎತ್ತಿದ್ದರು. ಟೀವಿ ಇತ್ತು, ಗೇಮ್ ಕನ್ಸೋಲ್ ಇತ್ತು, ಗ್ಯಾಸ್ ಸಿಲಿಂಡರ್ ಇತ್ತು. ಟ್ರಂಕಿನಲ್ಲಿ ಮುನಿಗಂಗಮ್ಮನ ಬೆಳ್ಳಿ ಕಾಲುಚೈನು ಕೂಡ ಇಟ್ಟಲ್ಲೇ ಇತ್ತು.

ಕಲ್ಪನ ಟೀವಿಯ ಮುಂದೆ ನೆಲಕ್ಕೆ ಕೂತು ನೋಡಿದರು. ಪೆಡಲ್‌ಗಳು ಜಾರದಿರಲೆಂದು ಸುಮಿತಾ ನೆಲದಲ್ಲಿ ಒಂದು ಹಲಗೆ ಕೂರಿಸಿ ಅದಕ್ಕೆ ಸ್ಕ್ರೂ ಹಾಕಿದ್ದಳು. ಬಂದವನು ಹಲಗೆ ಕಿತ್ತಿರಲಿಲ್ಲ. ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿ, ಪಕ್ಕದಲ್ಲಿದ್ದ ಟೀ ಲೋಟಕ್ಕೆ ಹಾಕಿ ಇಟ್ಟಿದ್ದ. ಒಂದರ ತಲೆಯೂ ಸವೆದಿರಲಿಲ್ಲ.

"ಕಳ್ಳ ಹಿಂಗೆ ಬಿಚ್ತಾನಾ?" ಎಂದಳು ಅಂಬಿಕ.

"ಇವನು ಸಾಮಾನು ಬಿಚ್ಚೋ ಕೆಲಸದವನೇ," ಎಂದರು ಕಲ್ಪನ. "ಅವಸರ ಮಾಡಿಲ್ಲ. ಕೈಗೆ ಅಭ್ಯಾಸ ಇದೆ."

ಮಂಗಳವಾರ ತಾಯಿ ಮಗಳಿಬ್ಬರೂ ಕೆಲಸಕ್ಕೆ ಹೋಗಿದ್ದಾಗ ಕಳವಾಗಿತ್ತು. ಕುಪ್ಪುಸ್ವಾಮಿ ಅಂದು ಮಧ್ಯಾಹ್ನ ಮನೆ ಮುಂದೆಯೇ ಇದ್ದವರು.

"ಯಾರಾದ್ರೂ ಬಂದಿದ್ರಾ ಈ ಕಡೆ?"

"ಒರು ಪೈಯನ್, ಯಾರೋ ಹುಡುಗ, ಬಂದ ಮೇಡಂ. ಡೆಲಿವರಿಯವನ ಮಾದಿರಿ. ಬೆನ್ನಿಗೆ ಇಷ್ಟು ದೊಡ್ಡ ಚೌಕ ಬ್ಯಾಗು. ನಾನು ಯಾರೋ ಬಿರಿಯಾನಿ ತರಿಸವ್ರೆ ಅಂದ್ಕೊಂಡೆ."

"ಮುಖ?"

"ಹೆಲ್ಮೆಟ್ಟು. ಓಗೋವಾಗ ಮೆಲ್ಲಗೆ ಓದ. ಗುಂಡಿ ಬಂದ್ರೆ ಗಾಡಿ ನಿಲ್ಲಿಸಿ ಇಳಿಸ್ತಿದ್ದ. ಬಿರಿಯಾನಿಗೆ ಅಷ್ಟು ಮರ್ಯಾದೆ ಯಾರು ಕೊಡ್ತಾರೆ?"

ಠಾಣೆಗೆ ಹಿಂದಿರುಗಿದ ಮೇಲೆ ಕಲ್ಪನ ಗಿರಿಯನ್ನು ಕರೆದರು. ಗಿರಿ ರಜಾ ದಿನಗಳಲ್ಲಿ ಇದೇ ಆಟ ಆಡುವವನೆಂದು ಠಾಣೆಯಲ್ಲೆಲ್ಲ ಗೊತ್ತಿತ್ತು.

"ಈ ಮಣೆ ಯಾರಿಗೆ ಬೇಕು ಗಿರಿ?"

"ಆಡೋಕೆ ಯಾರಿಗೂ ಬೇಡ ಮೇಡಂ. ಅವಳಿಗೆ ಬಿಟ್ರೆ ಅದು ಯಾರ ಮೈಗೂ ಹೊಂದಲ್ಲ. ಆದ್ರೆ ಅದರ ಮೇಲೆ ದೊಡ್ಡ ಜಗಳ ನಡೀತಿದೆ."

ಅವನು ಮೊಬೈಲ್‌ನಲ್ಲಿ ಆಟಗಾರರ ಒಂದು ಗುಂಪು ತೆರೆದು ತೋರಿಸಿದ. ಬಂಗಾರಪೇಟೆಯ ಪಂದ್ಯ ಮುಗಿದ ದಿನದಿಂದ ಅಲ್ಲಿ ಅದೊಂದೇ ಮಾತು. ಸುಮಿತಾಳದು ನ್ಯಾಯವೋ ಮೋಸವೋ? ಉಳಿದವರೆಲ್ಲ ಕಂಪನಿಯ ಕಂಟ್ರೋಲರ್‌ನಲ್ಲೇ ಆಡಬೇಕು, ಅವಳಿಗೊಬ್ಬಳಿಗೆ ಏಕೆ ಪೆಡಲ್? ಒಂದು ಸಲ ಒತ್ತಿದರೆ ಹತ್ತು ಸಲ ಒತ್ತಿದ ಹಾಗೆ ಮಾಡುವ ಕಳ್ಳ ಚಿಪ್ ಅದರೊಳಗೆ ಇಲ್ಲವೆಂದು ಯಾರು ನೋಡಿದ್ದಾರೆ? ಆಯೋಜಕರು ಬಿಚ್ಚದೆ ಹೇಗೆ ಒಪ್ಪಿದರು?

"ನೀನೇನಂತೀಯ?"

ಗಿರಿ ತಲೆ ಕೆರೆದುಕೊಂಡ. "ಎರಡು ಕಾಲು, ಒಂದು ಕೈ, ಒಂದು ಮೊಣಕೈ. ನಾಲ್ಕು ಕಡೆಯಿಂದ ಆಡ್ತಾಳೆ ಮೇಡಂ. ನಮಗಿರೋದು ಎರಡೇ ಕೈ."

"ನಿನ್ನ ಒಂದು ಕೈ ಕಟ್ಟಿ ಹಾಕಿ ಆಮೇಲೆ ಪೆಡಲ್ ಕೊಡ್ತೀನಿ. ಆಡ್ತೀಯಾ?"

ಗಿರಿ ಮೊಬೈಲನ್ನು ಜೇಬಿಗೆ ಹಾಕಿಕೊಂಡ.

ಗುರುವಾರ ಬೆಳಿಗ್ಗೆ ಕಲ್ಪನ ಮತ್ತು ಮುನಿಸ್ವಾಮಪ್ಪ ಬಂಗಾರಪೇಟೆಗೆ ಹೋದರು. ಅರ್ಹತಾ ಪಂದ್ಯದಲ್ಲಿ ಎರಡನೆಯವನಾಗಿ ಬಂದವನು ಬೂದಿಕೋಟೆಯ ಅಂಬರೀಶ್. ಸುಮಿತಾ ಆಡದಿದ್ದರೆ ಫೈನಲ್‌ಗೆ ಹೋಗುವವನು ಅವನೇ. ಅನುಮಾನ ಮೊದಲು ಅವನ ಮೇಲೆಯೇ ಬರಬೇಕಾದದ್ದು. ಬಾಲಾಜಿ ಎಂಬುವನು ನಡೆಸುವ ಗೇಮ್ ಸೆಂಟರಿಗೆ ಅವನನ್ನು ಕರೆಸಿದರು.

"ಮಂಗಳವಾರ ಮಧ್ಯಾಹ್ನ ಎಲ್ಲಿದ್ದೆ?"

"ಊರಾಗೇ ಮೇಡಂ. ಅಸು ಕರು ಆಕ್ತು. ಡಾಕ್ಟ್ರು ಬಂದಿದ್ರು, ಕೇಳಿ."

ಮುನಿಸ್ವಾಮಪ್ಪ ಹೊರಗೆ ಹೋಗಿ ಪಶುವೈದ್ಯರಿಗೆ ಫೋನು ಮಾಡಿ ಬಂದು ಹೌದೆಂದು ತಲೆಯಾಡಿಸಿದರು.

"ಅವಳು ಆಡ್ದೆ ಓದ್ರೆ ನಿಂಗೆ ಲಾಭ ಅಲ್ವಾ?" ಎಂದು ಮುನಿಸ್ವಾಮಪ್ಪನವರೇ ಕೇಳಿದರು.

ಅಂಬರೀಶನ ಮುಖ ಕೆಂಪಾಯಿತು. "ಮಣೆ ಕಳುವಾದ ಸುದ್ದಿ ಕೇಳಿ ಆಯೋಜಕ್ರು ನಿನ್ನೆ ಸಾಯಂಕಾಲ ಫೋನ್ ಮಾಡಿದ್ರು, ಅವಳ ಜಾಗಕ್ಕೆ ಬತ್ತೀಯಾ ಅಂತ. ಬರಲ್ಲ ಅಂದೆ. ನಾನು ಸೋತಿದ್ದು ಅವಳತ್ರ. ಅವಳ ಮಣೆ ಕದ್ದೋನಿಂದ ಗೆದ್ದೆ ಅನ್ನಿಸ್ಕೊಂಡು ಬೂದಿಕೋಟೇಲಿ ತಲೆ ಎತ್ಕೊಂಡು ಓಡಾಡ್ಲಾ?"

ಕಲ್ಪನ ಅವನನ್ನು ಕಳಿಸಿಕೊಟ್ಟರು. ಅಂದಿನ ತನಿಖೆ ಅಲ್ಲಿಗೇ ನಿಂತಿತು.

ಶುಕ್ರವಾರ ಬೆಳಿಗ್ಗೆ ಗಿರಿ ಠಾಣೆಗೆ ಓಡುತ್ತಲೇ ಬಂದ.

"ಮೇಡಂ, ಗುಂಪಿನಲ್ಲಿ ಎಲ್ಲರಿಗಿಂತ ಜೋರಾಗಿ ಕೂಗಾಡ್ತಿದ್ದೋನು ಒಬ್ಬ ಇದ್ದ. 'ಫೇರ್‌ಪ್ಲೇ ಬಿಡಬ್ಲ್ಯೂಟಿ' ಅಂತ ಹೆಸರು ಇಟ್ಕೊಂಡಿದಾನೆ. ದಿನಕ್ಕೆ ಇಪ್ಪತ್ತು ಸಲ ಬರೀತಿದ್ದ, ಬಿಚ್ಚಿ ತೋರಿಸು, ಬಿಚ್ಚಿ ತೋರಿಸು ಅಂತ. ಮಂಗಳವಾರದಿಂದ ಸುದ್ದಿ ಇಲ್ಲ. ನಿನ್ನೆ ಯಾರೋ ಕೆಣಕಿದ್ರು, ಎಲ್ಲಿಗೋದೆ ಅಂತ. ಅದಕ್ಕೆ ಒಂದೇ ಸಾಲು ಬರೆದಿದಾನೆ ನೋಡಿ."

ಕಲ್ಪನ ಓದಿದರು. 'ಅವಳ ಬೋರ್ಡಿನಲ್ಲಿ ಏನೂ ಮೋಸ ಇಲ್ಲ. ಅವಳನ್ನು ಬಿಟ್ಟುಬಿಡಿ.'

"ಇಲ್ಲ ಅಂತ ಇವನಿಗೆ ಹೆಂಗೆ ಗೊತ್ತಾಯ್ತು?" ಎಂದರು ಕಲ್ಪನ.

"ಅದಕ್ಕೇ ಓಡಿ ಬಂದೆ ಮೇಡಂ."

"ಖಾತೆ ಯಾರದ್ದು ಅಂತ ಆ ಆ್ಯಪ್ ಕಂಪನಿಗೆ ನೋಟಿಸ್ ಕಳಿಸಿ. ಉತ್ತರ ಬರೋಕೆ ವಾರ ಆಗುತ್ತೆ, ನಮಗೆ ಅಷ್ಟು ಟೈಮಿಲ್ಲ. ಬಿಡಬ್ಲ್ಯೂಟಿ ಅಂದ್ರೇನು?"

"ಏನೋ ಸ್ಟೈಲಿಗೆ ಇಟ್ಕೊಂಡಿರ್ತಾರೆ ಮೇಡಂ."

"ರೈಲ್ವೆಯವರು ಬಂಗಾರಪೇಟೆಗೆ ಏನಂತ ಬರೀತಾರೆ, ಟಿಕೆಟ್ ತೆಗೆದು ನೋಡು."

ಅಂಬಿಕ ತನ್ನ ಸೀಸನ್ ಪಾಸ್ ತೆಗೆದು ಮೇಜಿನ ಮೇಲಿಟ್ಟಳು. ಬಿಡಬ್ಲ್ಯೂಟಿ ಎಂದೇ ಇತ್ತು.

ಗಿರಿ ಆ ಖಾತೆಯ ಹಳೆಯ ಫೋಟೊಗಳನ್ನು ಕೆದಕಿದ. ಒಂದರಲ್ಲಿ ಹಸಿರು ರಬ್ಬರ್ ಹಾಸಿದ ಮೇಜು, ಅದರ ಮೇಲೆ ಬಿಚ್ಚಿಟ್ಟ ಕನ್ಸೋಲ್, ಹಿಂದಿನ ಕಿಟಕಿಯಲ್ಲಿ ರೈಲ್ವೆ ಮೇಲುಸೇತುವೆಯ ಮೆಟ್ಟಿಲು. ಕಲ್ಪನ ಬಾಲಾಜಿಗೆ ಫೋನು ಮಾಡಿದರು.

"ನಿಮ್ಮ ಕನ್ಸೋಲ್ ಕೆಟ್ರೆ ಯಾರತ್ರ ರಿಪೇರಿ ಮಾಡಿಸ್ತೀರಿ?"

"ಮುನಿರಾಜ್ ಅಂತ ಮೇಡಂ. ಸ್ಟೇಷನ್ ಎದುರು, ಮಹಡಿ ಮೇಲೆ. ಒಳ್ಳೆ ಕೈ."

"ಸಾಮಾನು ನೀವೇ ಒಯ್ದು ಕೊಡಬೇಕಾ?"

"ಇಲ್ಲ, ಅವನೇ ಬಂದು ತಗೊಂಡೋಗ್ತಾನೆ. ಕುಲುಕಾಡಬಾರ್ದು ಅಂತ ಡೆಲಿವರಿಯವರ ಬ್ಯಾಗು ಇಟ್ಕೊಂಡಿದಾನೆ."

ಮಧ್ಯಾಹ್ನ ಒಂದೂವರೆಗೆ ಜೀಪು ಬಂಗಾರಪೇಟೆ ರೈಲು ನಿಲ್ದಾಣದ ಎದುರು ನಿಂತಿತು. ಮಹಡಿಯ ಬಾಗಿಲು ತೆರೆದೇ ಇತ್ತು. ಒಳಗೆ ಮೂವತ್ತರ ಆಸುಪಾಸಿನ, ಸಣ್ಣಗಿನ ಒಬ್ಬ ಮನುಷ್ಯ ಮೇಜಿನ ಮುಂದೆ ಕೂತಿದ್ದ. ಸಮವಸ್ತ್ರ ಕಂಡು ಎದ್ದು ನಿಂತ. ಓಡಲಿಲ್ಲ.

"ಮುನಿರಾಜ್?"

"ಹೂಂ ಮೇಡಂ."

"ಮಣೆ ಎಲ್ಲಿ?"

ಅವನು ಮೂಲೆಯ ಅಲ್ಮಾರಿ ತೋರಿಸಿದ. ಬಿಳಿ ಬಟ್ಟೆ ಹಾಸಿ ಅದರ ಮೇಲೆ ಇಟ್ಟಿದ್ದ. ಮಣೆ, ದಿಂಬು, ಗುಂಡಿಗಳು, ವೈರು, ಪೆಡಲ್, ಎಲ್ಲ ಬೇರೆಬೇರೆ. ಯಾವುದು ಯಾವುದಕ್ಕೆ ಸೇರಬೇಕೆಂದು ಬಣ್ಣದ ಟೇಪಿನ ಗುರುತು ಹಾಕಿದ್ದ.

ಇಬ್ಬರು ಪಂಚರ ಎದುರು ಜಪ್ತಿ ಪಂಚನಾಮೆ ನಡೆಯಿತು. ಗುರುತಿಸಲು ಕರೆಸಿದ್ದ ಸುಮಿತಾ ಒಂದೊಂದನ್ನೂ ಎತ್ತಿ ನೋಡಿ ತನ್ನದೆಂದಳು. ಎಡ ಪೆಡಲ್ ಎತ್ತಿ ಒತ್ತಿದವಳು ಅಲ್ಲೇ ನಿಂತಳು.

"ಇದರೊಳಗಿನ ಸ್ಪ್ರಿಂಗ್ ನಂದಲ್ಲ ಮೇಡಂ. ಹೊಸದು."

ಕಲ್ಪನ ಮುನಿರಾಜನ ಕಡೆ ತಿರುಗಿದರು.

"ಏನು ಮಾಡಿದೆ ಅದಕ್ಕೆ?"

"ಹಳೇದು ಸವೆದಿತ್ತು ಮೇಡಂ. ಇನ್ನೊಂದೆರಡು ಆಟಕ್ಕೆ ಮುರೀತಿತ್ತು." ಅವನು ಸುಮಿತಾಳ ಮುಖ ನೋಡಲಿಲ್ಲ. "ಅದು ಬ್ರೇಕಿನ ಪೆಡಲ್ಲು. ಫೈನಲ್ಲಲ್ಲಿ ಕೈಕೊಟ್ಟಿದ್ರೆ ಏನು ಗತಿ?"

ಅಂಬಿಕ ಅದನ್ನೂ ಪಂಚನಾಮೆಯಲ್ಲಿ ಬರೆದುಕೊಂಡಳು.

ಮೂರು ಗಂಟೆಗೆ ಮುನಿರಾಜನ ಬಂಧನವಾಯಿತು. ಠಾಣೆಯಲ್ಲಿ ಕಲ್ಪನ ಎದುರು ಕೂರಿಸಿಕೊಂಡು ಕೇಳಿದರು.

"ಯಾಕೆ ಕದ್ದೆ?"

"ಕದಿಯೋಕಲ್ಲ ಮೇಡಂ. ನೋಡಬೇಕಿತ್ತು."

"ಏನನ್ನ?"

"ಒಳಗಿರೋ ಚಿಪ್ಪನ್ನ. ಇದ್ದೇ ಇರುತ್ತೆ ಅಂದ್ಕೊಂಡಿದ್ದೆ. ಫೋಟೊ ತೆಗೆದು ಎಲ್ಲರ ಮುಂದೆ ಇಡಬೇಕು ಅಂತ. ಅಲ್ಲೇ ಕೂತು ಬಿಚ್ಚೋಕೆ ಧೈರ್ಯ ಸಾಲಲಿಲ್ಲ, ಅಂಗಡಿಗೆ ಎತ್ಕೊಂಡು ಬಂದೆ. ಏನೂ ಇರಲಿಲ್ಲ. ಗುಂಡಿಯಿಂದ ವೈರು, ವೈರಿನಿಂದ ಬೋರ್ಡು, ಅಷ್ಟೇ. ಅವಳು ಒತ್ತಿದ್ದೇ ಆಟಕ್ಕೆ ಹೋಗೋದು. ಒಂದೇ ಕೈಯಲ್ಲಿ ಬೆಸುಗೆ ಹಾಕಿದಾಳೆ ಮೇಡಂ. ಎಷ್ಟು ನೀಟಾಗಿದೆ ಗೊತ್ತಾ?"

"ವಾಪಸ್ ಕೊಡಬಹುದಿತ್ತಲ್ಲ?"

"ಬುಧವಾರ ಹೊರಟೆ. ಮನೆ ಮುಂದೆ ನಿಮ್ಮ ಜೀಪಿತ್ತು."

"ಅವಳ ಮೇಲೆ ನಿಂಗೇನು ಅಷ್ಟು ಕೋಪ?"

ಅವನು ಬಲಗೈ ಮೇಜಿನ ಮೇಲಿಟ್ಟು ಮುಷ್ಟಿ ಮಾಡಲು ನೋಡಿದ. ಬೆರಳುಗಳು ಅರ್ಧಕ್ಕೇ ನಿಂತವು. ಮುನಿರಾಜನೂ ಒಂದು ಕಾಲಕ್ಕೆ ಆಟಗಾರನೇ. ಈ ಆಟದ ಮೊದಲ ಭಾಗದಲ್ಲಿ ಕೋಲಾರ ಜಿಲ್ಲೆಗೆ ಅವನನ್ನು ಮೀರಿಸುವವರಿರಲಿಲ್ಲ. ನಂತರ ಮಣಿಕಟ್ಟಿನ ನರ ಹಿಡಿಯಿತು. ನಿಧಾನವಾಗಿ ರಿಪೇರಿ ಮಾಡಬಲ್ಲ, ವೇಗವಾಗಿ ಗುಂಡಿ ಒತ್ತಲಾರ. ದೊಡ್ಡ ಗುಂಡಿಗಳಿರುವ ಒಂದು ಕಂಟ್ರೋಲರ್ ಕಟ್ಟಿಕೊಂಡು, ಇದರಲ್ಲಿ ಆಡಲು ಬಿಡಿ ಎಂದು ಆಯೋಜಕರನ್ನು ಕೇಳಿದ್ದ.

"ಡಬ್ಬ ತೆರೆದೂ ನೋಡಲಿಲ್ಲ ಮೇಡಂ. ನಿಯಮದಲ್ಲಿ ಇಲ್ಲ ಅಂದ್ರು. ವಾಪಸ್ ಬಂದೆ. ಈಗ ಅವಳಿಗೆ ಹೂಂ ಅಂದವ್ರೆ ಅಂತ ಗೊತ್ತಾದಾಗ, ಅವಳು ಏನೋ ಮೋಸ ಮಾಡಿರ್ಬೇಕು ಅಂತ ಅನ್ನಿಸ್ತು. ಮೋಸ ಇಲ್ಲದೆ ಅವಳು ಗೆದ್ದಿದ್ರೆ, ನಾನೂ ಗೆಲ್ತಿದ್ದೆ ಅಲ್ವಾ? ಅದನ್ನ ನೆನಸ್ಕೊಳ್ಳೋಕೆ ಆಗ್ಲಿಲ್ಲ."

ಕಳ್ಳ ಸಿಕ್ಕಿದ್ದ, ಮಾಲೂ ಸಿಕ್ಕಿತ್ತು. ಆದರೆ ಜಪ್ತಿಯಾದ ಮಾಲು ನ್ಯಾಯಾಲಯದ ಸೊತ್ತು. ಪ್ರಕರಣ ಮುಗಿಯುವವರೆಗೆ ಅದು ಠಾಣೆಯ ಮುದ್ದೆಮಾಲು ಕೋಣೆಯಲ್ಲಿರಬೇಕು. ಮುನಿಗಂಗಮ್ಮ ಅದನ್ನು ಕೇಳಿ ಅಲ್ಲೇ ಕುಸಿದು ಕೂತರು.

"ಸಿಕ್ಕೂ ಸಿಗದಂಗಾಯ್ತಲ್ಲ ತಾಯಿ!"

"ಅಳಬೇಡಿ. ನಾಳೆ ಶನಿವಾರ, ಕೋರ್ಟು ಇದೆ," ಎಂದರು ಕಲ್ಪನ. ಅಂದು ಸಂಜೆಯೇ ಪ್ರತಿಯೊಂದು ಭಾಗದ ಫೋಟೊ, ವಿಡಿಯೊ ಮಾಡಿಸಿದರು. ಸುಮಿತಾಳಿಂದ ಅರ್ಜಿ ಬರೆಸಿದರು. ಆಯೋಜಕರಿಗೆ ಫೋನು ಮಾಡಿ ಸ್ಟಿಕ್ಕರ್ ಇರುವ ಮಣೆ ಬಿಚ್ಚಿದ ಹಿನ್ನೆಲೆ ವಿವರಿಸಿದರು. ಪಂಚನಾಮೆಯ ಪ್ರತಿಯೊಂದಿಗೆ ತನ್ನಿ, ಎಲ್ಲರೆದುರು ಮತ್ತೆ ಪರೀಕ್ಷಿಸುತ್ತೇವೆ ಎಂದು ಅವರು ಒಪ್ಪಿದರು.

ಶನಿವಾರ ಮುನಿರಾಜನನ್ನು ಕೆಜಿಎಫ್ ನ್ಯಾಯಾಲಯಕ್ಕೆ ಹಾಜರುಪಡಿಸಿದರು. ನ್ಯಾಯಾಂಗ ಬಂಧನದ ಆದೇಶವಾದ ಮೇಲೆ ಮಣೆಯ ಅರ್ಜಿ ಬಂತು. ಸರ್ಕಾರಿ ವಕೀಲರು ಆಕ್ಷೇಪವಿಲ್ಲವೆಂದರು. ಮ್ಯಾಜಿಸ್ಟ್ರೇಟರು ಫೋಟೊಗಳನ್ನು ನೋಡಿ, ಕನ್ನಡಕ ಏರಿಸಿ ಸುಮಿತಾಳನ್ನು ಕೇಳಿದರು:

"ಇದನ್ನು ನೀವೇ ಮಾಡಿದ್ದಾ?"

"ಹೌದು ಸ್ವಾಮಿ."

"ಬಿಚ್ಚಿ ಹಾಕಿದಾರಲ್ಲ. ನಾಳೆಯೊಳಗೆ ಜೋಡಿಸ್ತೀರಾ?"

"ಕೊಟ್ರೆ ಇವತ್ತೇ ಜೋಡಿಸ್ತೀನಿ."

ಕೇಳಿದಾಗ ಹಾಜರುಪಡಿಸಬೇಕೆಂಬ ಷರತ್ತಿನ ಮೇಲೆ ಮಣೆ ಸುಮಿತಾಳ ಮಧ್ಯಂತರ ಸ್ವಾಧೀನಕ್ಕೆ ಬಂತು. ಠಾಣೆಯ ಜಗಲಿಯಲ್ಲಿ ಚಾಪೆ ಹಾಸಿಕೊಂಡು ಅವಳು ಜೋಡಿಸಲು ಕೂತಳು. ಎರಡನೇ ಕೈ ಬೇಕಾದ ಕಡೆ ಗಿರಿ ಹಿಡಿದುಕೊಟ್ಟ. ಸಂಜೆಯೊಳಗೆ ಪೆಡಲ್ ಒತ್ತಿದಾಗ ಮಣೆಯ ದೀಪ ಹತ್ತಿತು. ಜಗಲಿಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು.

ಭಾನುವಾರ ಬೆಳಿಗ್ಗೆ ಮಾರಿಕುಪ್ಪಂ ರೈಲಿನಲ್ಲಿ ತಾಯಿ ಮಗಳು ಹೊರಟರು. ವಾರದ ರಜೆಯಿದ್ದ ಗಿರಿ ಮಣೆಯನ್ನು ತೊಡೆಯ ಮೇಲಿಟ್ಟುಕೊಂಡು ಜೊತೆಗೆ ಹೋದ. ಅಂಬರೀಶ್ ಬಂಗಾರಪೇಟೆಯಲ್ಲಿ ಅದೇ ಬೋಗಿ ಹತ್ತಿದ.

ಠಾಣೆಯಲ್ಲಿ ಅಂಬಿಕಳ ಮೊಬೈಲನ್ನು ನೀರಿನ ಜಗ್ಗಿಗೆ ಒರಗಿಸಿ ನೇರ ಪ್ರಸಾರ ಹಾಕಿದರು. ಮೊದಲು ವೇದಿಕೆಯ ಮೇಲೆ ತಂತ್ರಜ್ಞರು ಕ್ಯಾಮೆರಾ ಎದುರು ಮಣೆ ಬಿಚ್ಚಿ, ಪ್ರತಿ ವೈರನ್ನೂ ತೋರಿಸಿ, ಸರಿಯಿದೆ ಎಂದು ಘೋಷಿಸಿದರು. ನಂತರ ಎಂಟು ಜನರ ಓಟ. ಸುಮಿತಾ ಮೊದಲೆರಡು ಸುತ್ತು ನಾಲ್ಕನೆಯವಳು. ಮೂರನೆಯದರಲ್ಲಿ ಇಬ್ಬರನ್ನು ದಾಟಿದಳು. ಕೊನೆಯ ತಿರುವಿನಲ್ಲಿ ಮುಂದಿದ್ದವನು ಬ್ರೇಕ್ ಹಾಕಿದ, ಅವಳು ಹಾಕಲಿಲ್ಲ.

"ಆಕಮ್ಮ, ಬ್ರೇಕ್ ಆಕು!" ಎಂದು ಮುನಿಸ್ವಾಮಪ್ಪ ಮೊಬೈಲಿಗೇ ಕೂಗಿದರು.

ಗೋಡೆ ಇನ್ನೇನು ಬಂತು ಎನ್ನುವಾಗ ಅವಳ ಎಡಗಾಲು ಪೆಡಲ್ಲನ್ನು ಪೂರ್ತಿ ಒತ್ತಿತು. ಕಾರು ಗೋಡೆ ಸವರಿಕೊಂಡು ಒಳಗಿನಿಂದ ನುಗ್ಗಿ ಗೆರೆ ದಾಟಿತು. ಪರದೆಯ ಮೇಲೆ ಮೊದಲ ಹೆಸರು ಸುಮಿತಾ, ಊರಿಗಾಂ.

ಮುನಿಸ್ವಾಮಪ್ಪ ಟೋಪಿ ಎಸೆದರು. ಲೈನ್ ಮನೆಗಳ ಕಡೆಯಿಂದ ಪಟಾಕಿ ಸದ್ದು ಠಾಣೆಯವರೆಗೆ ಕೇಳಿಸಿತು. ಮೊಬೈಲಿನಲ್ಲಿ ಗಿರಿ ಮತ್ತು ಅಂಬರೀಶ್ ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿಯುತ್ತಿದ್ದರು. ಮುನಿಗಂಗಮ್ಮ ಮಗಳ ತಲೆ ಹಿಡಿದು ಮುದ್ದಿಡುತ್ತಿದ್ದರು.

ನಿರೂಪಕ ಮೈಕು ಹಿಡಿದು ಕೇಳಿದ: "ಮೋಸ ಅಂದವರಿಗೆ ಏನು ಹೇಳ್ತೀರಿ?"

"ಬಿಚ್ಚಿ ನೋಡಿದಾರಲ್ಲ, ಮುಗೀತು," ಎಂದಳು ಸುಮಿತಾ. ಏದುಸಿರು ಇನ್ನೂ ನಿಂತಿರಲಿಲ್ಲ. "ಆಯೋಜಕರಿಗೆ ಒಂದು ಮಾತು ಹೇಳ್ಬೇಕು. ಕೈ ನೋವಿರೋರು, ಬೆರಳಿಲ್ಲದೋರು, ಯಾರು ತಮ್ಮ ಕಂಟ್ರೋಲರ್ ತಂದ್ರೂ ಹಿಂಗೇ ಬಿಚ್ಚಿ ನೋಡಿ. ಸರಿ ಇದ್ರೆ ಆಡೋಕೆ ಬಿಡಿ. ನನಗೊಬ್ಬಳಿಗೇ ಅಂದ್ರೆ ನಂಗೆ ಬೇಡ."

ಸಭಾಂಗಣ ಎದ್ದು ನಿಂತಿತು. ಅಲ್ಲೇ ವೇದಿಕೆಯ ಮೇಲೆ ಆಯೋಜಕರು ಮೈಕು ಕೇಳಿ ಪಡೆದು, ಮುಂದಿನ ಪಂದ್ಯದಿಂದ ಅದೇ ನಿಯಮ ಎಂದು ಘೋಷಿಸಿದರು.

ಸೋಮವಾರ ಸುಮಿತಾ ಮರುಹೇಳಿಕೆ ಕೊಡಲು ಬಂದಳು. ದೂರು ಹಿಂತೆಗೆದುಕೊಳ್ಳುತ್ತೀಯಾ ಎಂದು ಕಲ್ಪನ ಕೇಳಿದರು.

"ಇಲ್ಲ ಮೇಡಂ. ಮನೆಗೆ ನುಗ್ಗಿದ್ದು ತಪ್ಪೇ. ಅಮ್ಮ ಇನ್ನೂ ಹಿಂಬಾಗಿಲಿನ ಚಿಲಕ ಎರಡೆರಡು ಸಲ ನೋಡ್ತಾರೆ. ಆದ್ರೆ ಜಾಮೀನಿಗೆ ನಾನು ಅಡ್ಡ ಬರಲ್ಲ."

ಅವಳು ಹೋದ ಮೇಲೆ ಮುನಿಸ್ವಾಮಪ್ಪ ದೋಷಾರೋಪ ಪಟ್ಟಿಯ ಕರಡು ತಂದಿಟ್ಟರು. ಕೃತ್ಯಕ್ಕೆ ಕಾರಣ ಎಂಬಲ್ಲಿ ಪೆನ್ನು ನಿಲ್ಲಿಸಿದ್ದರು.

"ಒಟ್ಟೆಕಿಚ್ಚು ಅಂತ ಬರ್ಕೊಳ್ಲಾ ಮೇಡಂ?"

ಕಲ್ಪನ ಕರಡನ್ನು ತಮ್ಮ ಕಡೆ ಎಳೆದುಕೊಂಡರು.

"ಬೇಡ. ಆರೋಪಿಯು ಈ ಹಿಂದೆ ಇಂಥದೇ ಅನುಮತಿ ಕೇಳಿದ್ದು, ಅವನ ಸಾಧನವನ್ನು ಯಾರೂ ತೆರೆದು ನೋಡದೆ ನಿರಾಕರಿಸಲಾಗಿತ್ತು ಅಂತ ಬರೀರಿ. ಅಷ್ಟೇ ಸಾಕು."

ಮುನಿಸ್ವಾಮಪ್ಪ ಹಾಗೆಯೇ ಬರೆದರು.